ಕಂಪನಿಯ ಕಾಲುಪೇಟಿ: ಉಸಿರು ಕಾಯುವ ಬಗೆ



ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡಕ್ಕೆ ಪುಷ್ಯ ಮಾಸದಲ್ಲಿ ಜನ ಬರುವುದು ಎರಡು ಕಾರಣಕ್ಕೆ. ಒಂದು ಬನಶಂಕರಿ ದೇವಿ, ಇನ್ನೊಂದು ನಾಟಕ. ಬನದ ಹುಣ್ಣಿಮೆಯ ದಿನ ತೇರು ಎಳೆದ ಮೇಲೂ ಇಲ್ಲಿನ ಜಾತ್ರೆ ಮುಗಿಯುವುದಿಲ್ಲ. ವೃತ್ತಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ತಗಡಿನ ಥಿಯೇಟರು ಕಟ್ಟಿಕೊಂಡು ವಾರಗಟ್ಟಲೆ ಆಡುತ್ತವೆ. ತೇರಿನ ಆಸುಪಾಸಿನ ದಿನಗಳಲ್ಲಿ ಒಂದೇ ರಾತ್ರಿ ಎರಡು ಮೂರು ಆಟ. ಕೊನೆಯ ಆಟ ಬಿಟ್ಟು ಹೊರಗೆ ಬಂದವರು ಸೀದಾ ಹರಿದ್ರಾತೀರ್ಥದ ಹೊಂಡದ ಕಡೆಗೆ ಮುಖ ತೊಳೆಯಲು ಹೋಗುತ್ತಾರೆ. ಅಷ್ಟರಲ್ಲಿ ಬೆಳಗಾಗಿರುತ್ತದೆ, ರೊಟ್ಟಿ ಮಾರುವ ಹೆಂಗಸರು ಬುಟ್ಟಿ ಇಳಿಸಿಕೊಂಡು ಕೂತಿರುತ್ತಾರೆ.

ಇಲ್ಲಿ ಹೇಳಬೇಕಾದದ್ದು ಆ ನಾಟಕಗಳ ಬಗ್ಗೆ ಅಲ್ಲ, ರಂಗದ ಮುಂದಿನ ತಗ್ಗಿನಲ್ಲಿ ಕೂತ ಒಂದು ವಾದ್ಯದ ಬಗ್ಗೆ. ಇವತ್ತು ಆ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಕೀಬೋರ್ಡು ಮತ್ತು ರಿದಂ ಪ್ಯಾಡು. ಅವು ಬರುವ ಮೊದಲು ಬಹುಕಾಲ ಅಲ್ಲಿ ಇದ್ದದ್ದು ಕಾಲಿನಿಂದ ತುಳಿದು ಎರಡೂ ಕೈಗಳಿಂದ ನುಡಿಸುವ ಹಾರ್ಮೋನಿಯಂ. ಕಂಪನಿಗಳ ಭಾಷೆಯಲ್ಲಿ ಅದು ಕಾಲುಪೇಟಿ. ಅದರ ಮುಂದೆ ಕೂತವರು ಪೇಟಿ ಮಾಸ್ತರು. ಮೊದಲ ಗಂಟೆಯಿಂದ ಮಂಗಳದವರೆಗೆ ಇಡೀ ನಾಟಕ ಅವರ ಪಾದದ ಮೇಲೆ ನಿಂತಿರುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಆ ಪೇಟಿಗಳು ಈಗ ಎಲ್ಲಿವೆ? ಕೆಲವು ಕಂಪನಿಗಳ ಸಾಮಾನಿನ ನಡುವೆ ಇವೆ. ಇನ್ನು ಕೆಲವು ಮಠಗಳಲ್ಲಿ, ಭಜನೆಯ ಗುಡಿಗಳಲ್ಲಿ, ಹಳೆಯ ಕಲಾವಿದರ ಮನೆಯ ಅಟ್ಟದಲ್ಲಿ ಬಟ್ಟೆ ಹೊದ್ದು ಕೂತಿವೆ. ಮುಟ್ಟಿದರೆ ಒಂದೆರಡು ಸ್ವರ ಮಾತ್ರ ಬರುತ್ತವೆ, ಉಳಿದದ್ದು ಬರಿ ಗಾಳಿ. ಹಳತಾಯಿತು, ಆಯುಷ್ಯ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ. ಆದರೆ ಕಾಲುಪೇಟಿ ವಯಸ್ಸಿನಿಂದ ಸಾಯುವುದು ಕಡಿಮೆ. ಬಾರಿಸದೆ ಇಟ್ಟದ್ದರಿಂದ ಮತ್ತು ಅವಸರದ ರಿಪೇರಿಯಿಂದ ಸಾಯುವುದೇ ಹೆಚ್ಚು. ಎರಡನ್ನೂ ತಪ್ಪಿಸಬಹುದು. ಹೇಗೆ ಎಂಬುದು ಇವತ್ತಿನ ವಿಷಯ.

ಮೊದಲು ಈ ಪೆಟ್ಟಿಗೆ ಬಂದ ದಾರಿ ನೋಡೋಣ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಎಂಬಾತ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಅದು ಕಾಲಿನಿಂದ ತುಳಿಯುವ ವಾದ್ಯವೇ ಆಗಿತ್ತು. ದೊಡ್ಡ ಚರ್ಚುಗಳ ಕೊಳವೆಯ ಆರ್ಗನ್ ಕೊಳ್ಳಲಾಗದ ಸಣ್ಣ ಪ್ರಾರ್ಥನಾ ಮಂದಿರಗಳಿಗೆ ಅದು ಅನುಕೂಲವಾಯಿತು. ಮಿಷನರಿಗಳ ಸಾಮಾನಿನ ಜೊತೆ ಭಾರತಕ್ಕೂ ಬಂತು. ಊರೂರು ತಿರುಗುವವರಿಗೆಂದೇ ಕಾಲು, ತುಳಿಮಣೆಗಳನ್ನು ಮಡಚಿ ಪೆಟ್ಟಿಗೆ ಮಾಡಿಕೊಳ್ಳುವ ಮಾದರಿಗಳೂ ಬಂದವು. ಪ್ಯಾರಿಸ್ಸಿನ ಕಾಸ್ರಿಯಲ್ ಕಂಪನಿಯ ಹೆಸರನ್ನು ಹಳೆಯ ಪೇಟಿಗಳ ಮೇಲೆ ಈಗಲೂ ಕಾಣಬಹುದು. ಇತ್ತ ಕಲ್ಕತ್ತೆಯಲ್ಲಿ 1875ರಲ್ಲಿ ಆರಂಭವಾದ ದ್ವಾರ್ಕಾನಾಥ ಘೋಷರ ದ್ವಾರ್ಕಿನ್ ಅಂಗಡಿ, ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತುವ ಕೈಪೇಟಿಯನ್ನು ಜನಪ್ರಿಯಗೊಳಿಸಿತು. ಭಜನೆ, ಬೈಠಕ್ಕುಗಳಿಗೆ ಕೈಪೇಟಿ ಸಾಕಾಯಿತು. ನಾಟಕದವರಿಗೆ ಮಾತ್ರ ಕಾಲುಪೇಟಿಯೇ ಬೇಕಾಯಿತು.

ಅದಕ್ಕೆ ಕಾರಣವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿದ ಮೇಲೆ ಹಾಡೇ ನಾಟಕದ ಜೀವಾಳವಾಯಿತು. ಆ ಗಾಳಿ ಉತ್ತರ ಕರ್ನಾಟಕದ ಕಂಪನಿಗಳಿಗೂ ಬೀಸಿತು. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಟ್ಟಿದ ಮಂಡಳಿಗಳಲ್ಲಿ ನಟನಾದವನು ಗಾಯಕನೂ ಆಗಿರಬೇಕಿತ್ತು. ಬಾಲಕ ಮಲ್ಲಿಕಾರ್ಜುನ ಮನಸೂರರು ವಾಮನರಾಯರ ಕಂಪನಿ ಸೇರಿದ್ದು ಇಂಥ ಕಾಲದಲ್ಲಿ. ಆಗ ಮೈಕು ಇಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಹಾಡು, ವಾದ್ಯ ಕೇಳಬೇಕು. ಸಾರಂಗಿಯ ದನಿ ಮನುಷ್ಯನ ಕಂಠಕ್ಕೆ ಹತ್ತಿರ, ನಿಜ. ಆದರೆ ಅದರ ನರದ ತಂತಿ ಹವೆ ಬದಲಾದಂತೆ ಸಡಿಲುತ್ತದೆ, ಬಿಗಿಯುತ್ತದೆ. ಸಂಜೆ ಬೆಚ್ಚಗಿದ್ದು ಬೆಳಗಿನ ಜಾವ ಕೊರೆಯುವ ಬನಶಂಕರಿಯ ಜನವರಿ ರಾತ್ರಿಯಲ್ಲಿ ಪ್ರವೇಶ ಪ್ರವೇಶಕ್ಕೂ ಶ್ರುತಿ ಮಾಡುತ್ತ ಕೂಡುವುದು ಸಾಧ್ಯವಿಲ್ಲದ ಮಾತು. ಪೇಟಿಯ ಹಿತ್ತಾಳೆಯ ರೀಡು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ರಾಜನ ಪಾತ್ರದವನು ಕರಿ ಒಂದರಲ್ಲಿ ಹಾಡಿ ಒಳಗೆ ಹೋದ ಕ್ಷಣವೇ ಇನ್ನೊಬ್ಬ ಪಾತ್ರಧಾರಿ ಬಿಳಿ ನಾಲ್ಕರಲ್ಲಿ ಎತ್ತಿಕೊಂಡರೂ ಮಾಸ್ತರರು ಬೆರಳು ಸರಿಸಿದರೆ ಮುಗಿಯಿತು. ತಿದಿಯ ಕೆಲಸ ಕಾಲಿಗೆ ಬಿದ್ದದ್ದರಿಂದ ಎಡಗೈಯೂ ಬಿಡುವಾಗಿ ದನಿ ದುಪ್ಪಟ್ಟಾಯಿತು.

ಈ ಮಾಸ್ತರರು ಎಲ್ಲಿಂದ ಬಂದರು ಎಂಬುದಕ್ಕೆ ಚೊಳಚಗುಡ್ಡದ ನೆರೆಯಲ್ಲೇ ಒಂದು ಸುಳಿವಿದೆ. ಬಾದಾಮಿ ತಾಲ್ಲೂಕಿನಲ್ಲೇ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದರು. ಅವರ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಬಡ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡನ್ನೂ ಕೊಟ್ಟರು. ಆಶ್ರಮದ ಹೊಟ್ಟೆ ಹೊರೆಯಲು ನಾಟಕ ಕಂಪನಿಯನ್ನೂ ಕಟ್ಟಿದರು. 1944ರಲ್ಲಿ ಅವರು ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರ ಹೊತ್ತರು. ಪುಟ್ಟರಾಜರು ಹಾರ್ಮೋನಿಯಂ ಸೇರಿ ಅನೇಕ ವಾದ್ಯಗಳನ್ನು ನುಡಿಸುತ್ತಿದ್ದುದು ಎಲ್ಲರಿಗೂ ಗೊತ್ತಿದೆ. ಅಲ್ಲಿ ಕಲಿತ ಅನೇಕರು ಕಂಪನಿಗಳಲ್ಲಿ ಪೇಟಿ ಮಾಸ್ತರರಾದರು. ಕಣ್ಣಿಲ್ಲದವರು ಪೇಟಿಯನ್ನು ಅರಿಯುವುದು ಬೆರಳು ಮತ್ತು ಕಿವಿಯಿಂದ. ಪೇಟಿಯ ಯೋಗಕ್ಷೇಮ ನೋಡಿಕೊಳ್ಳಲು ಬೇಕಾದ ಮುಖ್ಯ ಸಾಮಾನೂ ಆ ಎರಡೇ.

ಈಗ ಪೆಟ್ಟಿಗೆಯ ಒಳಗೆ ಹೋಗೋಣ. ತುಳಿದಾಗ ತಿದಿಯಿಂದ ಹೊರಟ ಗಾಳಿ ಒಂದು ಗಾಳಿಪೆಟ್ಟಿಗೆಯಲ್ಲಿ ಸೇರುತ್ತದೆ. ಸ್ವರದ ಪಟ್ಟಿ ಒತ್ತಿದಾಗ ಚರ್ಮ ಅಂಟಿಸಿದ ಸಣ್ಣ ಮುಚ್ಚಳವೊಂದು ಏಳುತ್ತದೆ. ಗಾಳಿ ರೀಡಿನ ಸಂದಿಯಿಂದ ನುಗ್ಗುತ್ತದೆ. ರೀಡು ಎಂದರೆ ಹಿತ್ತಾಳೆಯ ತಗಡಿನಲ್ಲಿ ಸೀಳಿದ ಕಿಂಡಿ, ಅದರ ಒಂದು ತುದಿಗೆ ಬಡಿದು ಕೂರಿಸಿದ ಹಿತ್ತಾಳೆಯದೇ ನಾಲಗೆ. ನಾಲಗೆ ಕಿಂಡಿಯೊಳಗೆ ಆಡಬೇಕು, ಆದರೆ ಅಂಚಿಗೆ ತಾಗಬಾರದು. ನಡುವಿನ ಸಂದು ತೆಳು ಕಾಗದದಷ್ಟು. ಸೆಕೆಂಡಿಗೆ 440 ಬಾರಿ ಆಡುವ ನಾಲಗೆ ಒಂದು ಸ್ವರ, 220 ಬಾರಿ ಆಡುವುದು ಅದರ ಕೆಳ ಸಪ್ತಕದ ಅದೇ ಸ್ವರ. 42 ಪಟ್ಟಿಗಳ, ಎರಡು ಸಾಲು ರೀಡಿನ ಪೇಟಿಯಲ್ಲಿ ಇಂಥ 84 ನಾಲಗೆಗಳಿರುತ್ತವೆ. ರೀಡಿನ ಸಾಲುಗಳನ್ನು ಖರ್ಜ, ನರ, ಮಾದಿ ಎಂದು ಕರೆಯುವ ರೂಢಿ ಇದೆ. ಗುಜರಾತಿನ ಪಾಲಿತಾಣಾದಲ್ಲಿ ಕೈಯಿಂದ ಮಾಡಿದ ರೀಡುಗಳು ದೇಶದಾದ್ಯಂತ ಬಳಕೆಗೆ ಬಂದವು. ಹಳೆಯ ಪೇಟಿಗಳಲ್ಲಿ ಫ್ರೆಂಚ್, ಜರ್ಮನ್ ರೀಡುಗಳೂ ಸಿಗುತ್ತವೆ. ಹಾಗೆ ಸಿಕ್ಕರೆ ಅವನ್ನು ಕಿತ್ತು ಹೊಸತು ಹಾಕಿಸುವ ಮಾತನ್ನು ಯಾರು ಹೇಳಿದರೂ ಕೇಳಬೇಡಿ.

ಇಷ್ಟು ತಿಳಿದರೆ ಪೇಟಿಯ ಮೊದಲ ಶತ್ರು ಯಾರು ಎಂಬುದು ಗೊತ್ತಾಗುತ್ತದೆ. ಧೂಳು. ಬಾದಾಮಿಯ ಸುತ್ತಲಿನ ನೆಲ ಕೆಂಪು ಮರಳುಗಲ್ಲು ಸವೆದು ಆದದ್ದು. ಜಾತ್ರೆಯಲ್ಲಿ ಲಕ್ಷ ಕಾಲುಗಳು ತುಳಿದ ಮೇಲೆ ಆ ಧೂಳು ತಗಡಿನ ಗೋಡೆಯ ಸಂದಿಯಿಂದ ಒಳಗೆ ಬಂದು ಎಲ್ಲದರ ಮೇಲೂ ಕೂರುತ್ತದೆ. ಪೇಟಿ ಗಾಳಿ ಎಳೆದುಕೊಳ್ಳುವ ವಾದ್ಯ; ಉಸಿರಿನ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಒಂದು ಕಣ ನಾಲಗೆಯ ಸಂದಿನಲ್ಲಿ ಸಿಕ್ಕರೆ ಸ್ವರ ಕಟ್ಟಿಕೊಳ್ಳುತ್ತದೆ, ಇಲ್ಲವೆ ಗರಗರ ಅನ್ನುತ್ತದೆ. ತುದಿಯ ಮೇಲೆ ಹೊರೆಯಾಗಿ ಕೂತರೆ ನಾಲಗೆ ಭಾರವಾಗಿ ಶ್ರುತಿ ಇಳಿಯುತ್ತದೆ. ಪೇಟಿ ಬೇಸೂರಾಯಿತು ಎಂದು ಅರ ಹಿಡಿದು ಕೂಡುವವರಿದ್ದಾರೆ. ಮೊದಲು ಒರೆಸಿ ನೋಡಬೇಕು. ಅರ್ಧಕ್ಕರ್ಧ ದೋಷ ಅಲ್ಲಿಗೇ ಹೋಗುತ್ತದೆ.

ಒರೆಸುವುದಕ್ಕೂ ಒಂದು ರೀತಿ ಇದೆ. ಮೆತ್ತನೆಯ ಒಣ ಕುಂಚ ಸಾಕು. ನಾಲಗೆಯ ಬುಡದಿಂದ ತುದಿಯ ಕಡೆಗೆ ಎಳೆಯಬೇಕು. ಅಡ್ಡಡ್ಡ ತಿಕ್ಕಿದರೆ ನಾಲಗೆ ಕಿಂಡಿಯ ಅಂಚಿಗೆ ಸರಿಯುತ್ತದೆ. ಸಂದಿನಲ್ಲಿ ಸಿಕ್ಕ ಕಣಕ್ಕೆ ತೆಳುವಾದ ಗಟ್ಟಿ ಕಾಗದದ ಚೂರನ್ನು ಮೆಲ್ಲಗೆ ಜಾರಿಸಿ ತೆಗೆಯಬೇಕು. ಬ್ಲೇಡು, ಪಿನ್ನು ಬೇಡ. ಎಣ್ಣೆಯಂತೂ ಬೇಡವೇ ಬೇಡ. ಬಾಗಿಲ ಕೀಲಿಗೆ ಹಾಕಿದಂತೆ ರೀಡಿಗೆ ಕೊಬ್ಬರಿ ಎಣ್ಣೆ ಹಾಕಿದರೆ ಮುಂದಿನ ಜಾತ್ರೆಯ ಧೂಳಿಗೆ ನೀವೇ ಅಂಟು ಬಳಿದಂತೆ. ಬಾಯಿಂದ ಊದುವುದೂ ಒಳ್ಳೆಯದಲ್ಲ. ಉಗುಳಿನ ತೇವಕ್ಕೆ ಹಿತ್ತಾಳೆ ಹಸಿರು ಕಟ್ಟುತ್ತದೆ.

ಎರಡನೆಯ ಶತ್ರು ಇಲಿ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಥಿಯೇಟರಿನಲ್ಲಿ ಚೆಲ್ಲಿದ ಚುರುಮುರಿ ತಿನ್ನಲು ಬಂದ ಇಲಿಗೆ ತಿದಿಯ ಚರ್ಮ, ಅಂಟು, ಬಟ್ಟೆ ಎಲ್ಲವೂ ಊಟವೇ. ಪೇಟಿಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಟ್ಟರೆ ಅರ್ಧ ಗೆದ್ದಂತೆ. ಪಟ್ಟಿಗಳ ಕೆಳಗಿನ ಉಣ್ಣೆ ಬಟ್ಟೆಗೆ ನುಸಿ ಬೀಳದಂತೆ ಒಣಗಿದ ಬೇವಿನ ಸೊಪ್ಪನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒಳಗಿಡಬಹುದು. ಬಿಡಿ ಎಲೆ ಇಡಬಾರದು. ಪುಡಿಯಾಗಿ ರೀಡಿಗೆ ಇಳಿಯುತ್ತದೆ.

ಹವೆಯ ಮಾತು ಸ್ವಲ್ಪ ದೊಡ್ಡದು. ಪೇಟಿ ಮರದ್ದು, ಮರ ಸತ್ತ ಮೇಲೂ ನೀರು ಕುಡಿಯುತ್ತದೆ, ಬಿಡುತ್ತದೆ. ಜಾತ್ರೆಗೆ ಮಾರಾಟಕ್ಕೆ ಬರುವ ಬಾಗಿಲು ಚೌಕಟ್ಟುಗಳನ್ನು ಮಾಡಿದ ಬಡಿಗರನ್ನು ಕೇಳಿದರೆ ಇದನ್ನು ಅವರೇ ಚೆನ್ನಾಗಿ ಹೇಳುತ್ತಾರೆ. ಮಳೆಗಾಲದಲ್ಲಿ ಪಟ್ಟಿಗಳು ಉಬ್ಬಿ ಒಂದಕ್ಕೊಂದು ತಾಗಿ ಕೂರುತ್ತವೆ. ಒತ್ತಿದ ಪಟ್ಟಿ ಮೇಲೇಳುವುದಿಲ್ಲ, ಮುಚ್ಚಳ ಮುಚ್ಚುವುದಿಲ್ಲ, ಪೇಟಿ ತಾನೇ ಕೂಗುತ್ತಿರುತ್ತದೆ. ಆಗ ಕೈಯಲ್ಲಿ ಉಜ್ಜುಗಾಗದ ಹಿಡಿದು ಪಟ್ಟಿಯ ಬದಿ ತಿಕ್ಕುವವರು ತಾಳ್ಮೆ ಕಲಿಯಬೇಕು. ಮಳೆ ಹೋದ ಮೇಲೆ ಅದೇ ಪಟ್ಟಿ ಕುಗ್ಗಿ ಗಡಗಡ ಅಲುಗುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಇದರ ತಿರುಗುಮುರುಗು: ರೀಡು ಕೂರಿಸಿದ ಹಲಗೆ ಒಣಗಿ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ತಗಡಿನ ಥಿಯೇಟರು ಮಧ್ಯಾಹ್ನದಲ್ಲಿ ಒಲೆ ಇದ್ದಂತೆ. ರಾತ್ರಿ ಆಟ ಮುಗಿದ ಮೇಲೆ ಪೇಟಿಯನ್ನು ಅಲ್ಲೇ ಬಿಡದೆ ನೆರಳಿರುವ ಕಡೆ ಒಯ್ಯುವುದು ಒಳ್ಳೆಯದು.

ನೀರೇ ನುಗ್ಗಿದರೆ? 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದದ್ದನ್ನು ಈ ಭಾಗದವರು ಮರೆತಿಲ್ಲ. ನೆನೆದ ಪೇಟಿಯನ್ನು ತಕ್ಷಣ ತುಳಿದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ತುಳಿದರೆ ಒದ್ದೆ ತಿದಿ ಹರಿಯುತ್ತದೆ, ಕೆಸರು ರೀಡಿಗೆ ಏರುತ್ತದೆ. ಮುಚ್ಚಳ ತೆರೆದು, ಬಿಸಿಲಿಗೆ ಇಡದೆ ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಲು ಬಿಡಬೇಕು. ಆಮೇಲೆ ರಿಪೇರಿಯವರನ್ನು ಹುಡುಕಬೇಕು.

ಇನ್ನು ಲಾರಿ. ಕಂಪನಿ ಎಂದರೆ ಕ್ಯಾಂಪಿನಿಂದ ಕ್ಯಾಂಪಿಗೆ ಹೊರಡುವುದು. ತಗಡು, ಪರದೆಯ ಸುರುಳಿ, ಗೂಟ, ಕುರ್ಚಿ ಎಲ್ಲ ಏರಿದ ಮೇಲೆ ಕಡೆಯಲ್ಲಿ ಪೇಟಿ ಏರಬೇಕು, ಮೊದಲು ಇಳಿಯಬೇಕು. ಮಲಗಿಸದೆ ನಿಲ್ಲಿಸಿ, ಕೆಳಗೆ ಗೋಣಿಚೀಲ ಹಾಸಿ, ತಿದಿ ಬಿಚ್ಚಿಕೊಳ್ಳದಂತೆ ಕಟ್ಟಬೇಕು. ಅಚ್ಚರಿಯೆಂದರೆ ಇಷ್ಟೆಲ್ಲ ಕುಲುಕಾಟದಲ್ಲಿ ದಶಕಗಟ್ಟಲೆ ತಿರುಗಿದ ಪೇಟಿಗಳು ಗಟ್ಟಿಯಾಗಿಯೇ ಉಳಿದವು. ಅಟ್ಟ ಏರಿದವು ಕೆಲವೇ ವರ್ಷಗಳಲ್ಲಿ ಕೆಟ್ಟವು. ದಿನವೂ ತುಳಿಯುವ ತಿದಿಯ ಚರ್ಮ ಮಡಿಕೆಗಳಲ್ಲಿ ಮೆತ್ತಗಿರುತ್ತದೆ. ಸುಮ್ಮನೆ ಇಟ್ಟದ್ದು ಮಡಿಕೆಯಲ್ಲೇ ಗಟ್ಟಿಯಾಗಿ, ಒಂದು ದಿನ ತುಳಿದಾಗ ಅಲ್ಲೇ ಸೀಳುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ನಿರ್ಬಂಧದಿಂದ ನಾಟಕಗಳೆಲ್ಲ ನಿಂತಾಗ ಮುಚ್ಚಿದ ಪೇಟಿಗಳಿಗೆ ಇದ್ದ ಅಪಾಯವೂ ಇದೇ.

ಸೀಳಿದರೆ ಹೊಲಿಯುವಂತಿಲ್ಲ, ಅಂಟಿಸಬೇಕು. ಯಾವ ಅಂಟು ಎಂಬಲ್ಲಿ ಪೇಟಿಯ ಹಣೆಬರಹವಿದೆ. ಹಳೆಯ ಪೇಟಿಗಳನ್ನು ಜೋಡಿಸಿದ್ದು ಪ್ರಾಣಿಯ ಚರ್ಮ, ಎಲುಬು ಕುದಿಸಿ ತೆಗೆದ ಸರೇಸಿನಿಂದ. ಅದು ಬಿಸಿ ಮತ್ತು ತೇವಕ್ಕೆ ಬಿಡುತ್ತದೆ. ಬಿಡುವುದು ಅದರ ದೋಷವಲ್ಲ, ಗುಣ. ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಮಾಸ್ತರ ಆ ಜಾಗ ಬಿಚ್ಚಿ ಮತ್ತೆ ಕೂಡಿಸಬಹುದು. ಈಗ ಅಂಗಡಿಯಲ್ಲಿ ಸಿಗುವ ಬಿಳಿ ಅಂಟು, ಕ್ಷಣದಲ್ಲಿ ಹಿಡಿಯುವ ರಾಸಾಯನಿಕ ಅಂಟುಗಳು ಗಟ್ಟಿ, ನಿಜ. ಆದರೆ ಅವನ್ನು ಹಚ್ಚಿದ ಜಾಗ ಬಿಚ್ಚಬೇಕಾದರೆ ಮರವೇ ಕಿತ್ತು ಬರುತ್ತದೆ. ರೆಕ್ಸಿನ್ ತೇಪೆಯೂ ಹಾಗೆಯೇ. ಮಡಚಲಾರದೆ ತಿದಿಯ ಉಸಿರನ್ನೇ ಬಿಗಿಹಿಡಿಯುತ್ತದೆ. ತೆಳುವಾದ ಆಡಿನ ಚರ್ಮ, ಬಿಸಿ ಸರೇಸು, ಒಂದು ರಾತ್ರಿಯ ವಿರಾಮ. ಇದಕ್ಕಿಂತ ಒಳ್ಳೆಯ ವಿಧಾನ ಇನ್ನೂ ಬಂದಿಲ್ಲ.

ಶ್ರುತಿ ತಿದ್ದುವುದು ಮಾತ್ರ ಬಲ್ಲವರ ಕೆಲಸ. ನಾಲಗೆಯ ತುದಿಯಲ್ಲಿ ಒಂದು ಎಳೆ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದೇ ಸ್ವರದ ಎರಡು ರೀಡುಗಳನ್ನು ಕೂಡಿಸಿ ನುಡಿಸಿದಾಗ ಒಂದು ಸೆಕೆಂಡಿಗೆ 440, ಇನ್ನೊಂದು 442 ಸಲ ಆಡುತ್ತಿದ್ದರೆ ದನಿ ಸೆಕೆಂಡಿಗೆ ಎರಡು ಸಲ ಅಲೆಯಂತೆ ಏರಿಳಿಯುತ್ತದೆ. ಆ ಅಲೆ ನಿಧಾನವಾಗಿ ನಿಂತುಹೋಗುವವರೆಗೆ ಕೆರೆಯಬೇಕು. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಹೀಗೆ ಹತ್ತಾರು ಸಲ ಕೆರೆಸಿಕೊಂಡ ನಾಲಗೆ ತೆಳುವಾಗಿ ಒಂದು ದಿನ ಮುರಿಯುತ್ತದೆ. ವರ್ಷಕ್ಕೊಮ್ಮೆ ಶ್ರುತಿ ಮಾಡಿಸುವ ಚಟ ಪೇಟಿಗೆ ಒಳ್ಳೆಯದಲ್ಲ.

ಇಲ್ಲಿ ದೂರದ ಒಂದು ಹೋಲಿಕೆ ಸಲ್ಲುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ತಯಾರಾದ ವಿದ್ಯುತ್ ಗಿಟಾರುಗಳಿಗೆ ಇವತ್ತು ಭಾರಿ ಬೆಲೆ. ಅವುಗಳ ಮಾದರಿಯಲ್ಲೇ ಹೊಸ ಗಿಟಾರು ಮಾಡಿ, ಬಣ್ಣವನ್ನು ಬೇಕೆಂದೇ ಕೆರೆದು, ಹಳತರಂತೆ ಕಾಣಿಸಿ ಮಾರುವ ಕೆಲಸವನ್ನು ಫೆಂಡರ್ ಕಂಪನಿ 1995ರಲ್ಲಿ ಆರಂಭಿಸಿತು. ನಿಜವಾದ ಹಳೆಯ ಗಿಟಾರಿಗೆ ಯಾರಾದರೂ ಹೊಸ ಬಣ್ಣ ಬಳಿಸಿದರೆ ಅದರ ಬೆಲೆ ಬಿದ್ದುಹೋಗುತ್ತದೆ. ನಮ್ಮಲ್ಲಿ ನಡೆಯುವುದು ಇದರ ವಿರುದ್ಧ. ಹಳೆಯ ಪೇಟಿ ಸಿಕ್ಕರೆ ಮೊದಲ ಕೆಲಸ ಪಾಲಿಶು. ಒಳಗೆ ತಿದಿ ಸೋರುತ್ತಿರುತ್ತದೆ, ಹೊರಗೆ ಕನ್ನಡಿಯಂಥ ಹೊಳಪು! ಮುಚ್ಚಳದ ಮೇಲೆ ಬರೆದ ಕಂಪನಿಯ ಹೆಸರು, ಮಾಸ್ತರರ ಬೆರಳು ಸವೆಸಿದ ಪಟ್ಟಿಯ ತಗ್ಗು ಎಲ್ಲ ಅದರಡಿ ಹೋಗುತ್ತವೆ. ಯಾವ ಪಟ್ಟಿ ಹೆಚ್ಚು ಸವೆದಿದೆ ಎಂದು ನೋಡಿದರೆ ಆ ಕಂಪನಿಯ ನಟರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು ಎಂದು ಊಹಿಸಬಹುದು. ಅಂಥ ದಾಖಲೆ ಬೇರೆಲ್ಲೂ ಸಿಗಲಾರದು.

ಪೇಟಿಯ ಜಾಗಕ್ಕೆ ಕೀಬೋರ್ಡು ಬಂದದ್ದನ್ನು ಬೈಯುವುದು ಸುಲಭ. ಕ್ಯಾಸಿಯೊ ತನ್ನ ಮೊದಲ ಕೀಬೋರ್ಡನ್ನು 1980ರಲ್ಲಿ ಹೊರತಂದಿತು. ಮುಂದೆ ಅಂಥ ವಾದ್ಯಗಳು ಅಗ್ಗವಾದಂತೆ ಕಂಪನಿಗಳನ್ನೂ ಸೇರಿದವು. ಸಿನಿಮಾ ಧಾಟಿಯ ಹಾಡು ಬೇಡುವ ಪ್ರೇಕ್ಷಕರು, ಗುಂಡಿ ಒತ್ತಿದರೆ ಬದಲಾಗುವ ಶ್ರುತಿ, ಕಂಕುಳಲ್ಲಿ ಹಿಡಿಯುವಷ್ಟು ಹಗುರ. ದುಡಿದು ತಿನ್ನುವ ಕಂಪನಿ ಬೇರೇನು ಮಾಡಬೇಕಿತ್ತು? ಪೇಟಿ ಇದಕ್ಕಿಂತ ದೊಡ್ಡ ಅವಮಾನ ಕಂಡಿದೆ. ಭಾರತೀಯ ಸಂಗೀತದ ಶ್ರುತಿ, ಗಮಕಗಳಿಗೆ ಹೊಂದುವುದಿಲ್ಲವೆಂದು 1940ರ ಮಾರ್ಚ್ 1ರಿಂದ ರೇಡಿಯೊ ನಿಲಯಗಳು ಅದನ್ನು ಹೊರಗಿಟ್ಟವು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರಲ್ಲಿ. ಹೀಗಾಗಿ ಅದರ ಮೊದಲ ಎರಡು ದಶಕ, ರಾತ್ರಿ ನಾಟಕದಲ್ಲಿ ಪೇಟಿಯ ಜೊತೆ ಹಾಡಿದವರು ಹಗಲು ನಿಲಯದಲ್ಲಿ ಅದಿಲ್ಲದೆ ಹಾಡಬೇಕಿತ್ತು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಪಟ್ಟಿಗಳ ನಡುವಿನ ಸ್ವರಕ್ಕೆ ಪೇಟಿಯಲ್ಲಿ ಜಾಗವಿಲ್ಲ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ರಾಮಭಾವು ಬಿಜಾಪುರೆಯವರ ಪೇಟಿ ಕೇಳಿದವರು ಮಾತ್ರ ಆ ವಾದವನ್ನು ಪೂರ್ತಿ ಒಪ್ಪಲಾರರು.

ನಿಷೇಧವನ್ನು ಪೇಟಿ ದಾಟಿತು. ಈಗಿನ ಕಷ್ಟ ಬೇರೆ. ಕೀಬೋರ್ಡು ನುಡಿಸುವವರು ಅದನ್ನು ಬಿಚ್ಚಬೇಕಾಗಿಲ್ಲ. ಕೆಟ್ಟರೆ ಪಟ್ಟಣದ ಅಂಗಡಿಗೆ ಕೊಡುತ್ತಾರೆ. ಪೇಟಿ ಮಾಸ್ತರರು ಹಾಗಲ್ಲ. ಕ್ಯಾಂಪಿನಲ್ಲಿ ಕೆಟ್ಟ ಪೇಟಿಯನ್ನು ರಾತ್ರಿಯ ಆಟದೊಳಗೆ ಅವರೇ ಎಬ್ಬಿಸಿ ಕೂರಿಸಬೇಕಿತ್ತು. ನುಡಿಸುವ ವಿದ್ಯೆ ಶಾಲೆಗಳಲ್ಲಿ ಉಳಿದಿದೆ. ರಿಪೇರಿಯ ವಿದ್ಯೆಗೆ ಶಾಲೆ ಇಲ್ಲ, ಪಕ್ಕದಲ್ಲಿ ಕೂತು ನೋಡಿದ ಹುಡುಗನಿಗಷ್ಟೇ ಅದು ಬರುತ್ತಿತ್ತು. ಆ ಹುಡುಗ ಈಗ ಪಕ್ಕದಲ್ಲಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲೋ ಮಠದಲ್ಲೋ ಕಾಲುಪೇಟಿ ಇದ್ದರೆ ಅಟ್ಟದಿಂದ ಇಳಿಸಿ. ಒಂದು ವಾರ ಕೋಣೆಯ ಹವೆಗೆ ಹೊಂದಿಕೊಳ್ಳಲಿ. ಹೊರಗಿನ ಧೂಳು ಒಣ ಬಟ್ಟೆಯಿಂದ ತೆಗೆಯಿರಿ. ಒಂದು ಪಟ್ಟಿ ಒತ್ತಿಕೊಂಡು ಮೆಲ್ಲಗೆ ತುಳಿಯಿರಿ. ಎಲ್ಲ ಪಟ್ಟಿ ಮುಚ್ಚಿಟ್ಟು ಜೋರಾಗಿ ತುಳಿದರೆ ಹಳೆಯ ತಿದಿ ತಡೆಯುವುದಿಲ್ಲ. ಕೂಗದ ಸ್ವರಗಳನ್ನು ಗುರುತು ಮಾಡಿಕೊಳ್ಳಿ. ನಡೆಯುವ ಸ್ಥಿತಿಯಲ್ಲಿದ್ದರೆ ವಾರಕ್ಕೆ ಹತ್ತು ನಿಮಿಷ ಎಲ್ಲ ಪಟ್ಟಿಗಳನ್ನೂ ಒಂದೊಂದಾಗಿ ನುಡಿಸಿ. ಸಂಗೀತ ಬರಬೇಕೆಂದೇನಿಲ್ಲ, ಮಕ್ಕಳೂ ಮಾಡಬಹುದು. ರಿಪೇರಿಗೆ ಕೊಡುವ ಮೊದಲು ಯಾವ ಅಂಟು ಹಾಕುತ್ತೀರಿ ಎಂದು ಕೇಳಿ. ತೆಗೆದ ಹಳೆಯ ರೀಡು, ಗುಬ್ಬಿ, ಸ್ಪ್ರಿಂಗುಗಳನ್ನು ಎಸೆಯದೆ ಮರಳಿ ಪಡೆದು ಒಂದು ಡಬ್ಬಿಯಲ್ಲಿಡಿ. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಮುಚ್ಚಳದ ಒಳಗೆ ಸಿಕ್ಕಿಸಿ: ಪೇಟಿ ಯಾವ ಕಂಪನಿಯದು, ಯಾರು ನುಡಿಸಿದರು, ಯಾವ ವರ್ಷ ಏನು ರಿಪೇರಿಯಾಯಿತು, ಯಾವ ರೀಡು ಬದಲಾಯಿತು. ಮುಂದೆ ಅದನ್ನು ಬಿಚ್ಚುವವನು ಮೊದಲು ಹುಡುಕುವುದು ಆ ಚೀಟಿಯನ್ನೇ.